ಮೂಗು ತಡೆದುದೆಷ್ಟು, ರಕ್ತ ಸೇರಿದುದೆಷ್ಟು?

ಅನ್ನವನ್ನು ನಾವು ಆರಿಸಿ ಉಣ್ಣುತ್ತೇವೆ. ನೀರನ್ನು ಸೋಸಿ ಕುಡಿಯುತ್ತೇವೆ. ಗಾಳಿಯನ್ನು ಮಾತ್ರ ಬಂದುದು ಬಂದಂತೆಯೇ ಒಳಗೆಳೆದುಕೊಳ್ಳುತ್ತೇವೆ. ಹಸಿವನ್ನು ಒಂದೆರಡು ದಿನ ತಡೆಯಬಹುದು, ಬಾಯಾರಿಕೆಯನ್ನು ಕೆಲವು ಗಂಟೆ ತಡೆಯಬಹುದು. ಉಸಿರನ್ನು ತಡೆಯಬಲ್ಲೆವಾದರೆ ಅದು ನಿಮಿಷಗಳ ಲೆಕ್ಕ. ಸುಮ್ಮನೆ ಕುಳಿತಿರುವ ವಯಸ್ಕನೊಬ್ಬನು ನಿಮಿಷಕ್ಕೆ ಹನ್ನೆರಡರಿಂದ ಹದಿನೈದು ಬಾರಿ, ಪ್ರತಿಬಾರಿಯೂ ಅರ್ಧ ಲೀಟರಿನಷ್ಟು ಗಾಳಿಯನ್ನು ಸೇದಿಕೊಳ್ಳುತ್ತಾನೆ. ಹಗಲಿರುಳು ಕೂಡಿಸಿದರೆ ಅದು ಸುಮಾರು ೧೦,೦೦೦ ಲೀಟರು. ತೂಗಿ ನೋಡುವುದು ಸಾಧ್ಯವಾದರೆ ೧೨ ಕಿಲೊಗ್ರಾಮಿನಷ್ಟಾದೀತು. ನಾವು ದಿನದಲ್ಲಿ ಉಂಡು ಕುಡಿಯುವ ಎಲ್ಲವನ್ನೂ ಒಟ್ಟುಗೂಡಿಸಿದರೂ ಅದು ಈ ತೂಕಕ್ಕೆ ಸಮನಾಗದು. ಇಷ್ಟು ದೊಡ್ಡ ಆಹಾರವನ್ನು ನಾವು ರುಚಿ ನೋಡದೆಯೇ ಸೇವಿಸುತ್ತಿದ್ದೇವೆಂದರೆ, ಅದರಲ್ಲಿ ಬೆರೆತುದೇನು, ಬೆರೆತುದರಲ್ಲಿ ನಮ್ಮ ದೇಹಕ್ಕೆ ದಕ್ಕಿದುದೆಷ್ಟು ಎಂದು ವಿಚಾರಿಸುವುದು ಅವಶ್ಯವಲ್ಲವೆ?

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯುಮಾಪನ ಕೇಂದ್ರವೊಂದುಂಟು. ಊರಿನ ಗಾಳಿಯನ್ನು ಎಡೆಬಿಡದೆ ಸೇದಿಕೊಂಡು, ಅದರಲ್ಲಿ ಏನೆಷ್ಟಿದೆಯೆಂದು ಅಂಕಿಗಳಲ್ಲಿ ಹೇಳುವುದು ಅದರ ಕೆಲಸ. ಧೂಳಿನ ಜೊತೆಗೆ ಗಂಧಕದ ಡೈಆಕ್ಸೈಡು, ಸಾರಜನಕದ ಡೈಆಕ್ಸೈಡು, ಓಝೋನ್, ಕಾರ್ಬನ್ ಮಾನಾಕ್ಸೈಡು, ಅಮೋನಿಯಾ ಮೊದಲಾದ ಅನಿಲಗಳಿಗೆ ನಮ್ಮ ದೇಶದಲ್ಲಿ ೨೦೦೯ರ ನವೆಂಬರಿನಲ್ಲಿ ಮಿತಿಗಳನ್ನು ಗೊತ್ತುಮಾಡಿದ್ದಾರೆ. ಗಂಧಕದ ಡೈಆಕ್ಸೈಡು ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ ೮೦ ಮೈಕ್ರೊಗ್ರಾಮನ್ನು ಮೀರಬಾರದು. ಸಾರಜನಕದ ಡೈಆಕ್ಸೈಡಿಗೂ ಅದೇ ಮಿತಿ. ಓಝೋನಿಗೆ ಎಂಟು ಗಂಟೆಗಳ ಸರಾಸರಿ ೧೦೦. ಕೇಂದ್ರ ಸರ್ಕಾರವು ೨೦೧೯ರಲ್ಲಿ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣ ಮಟ್ಟಕ್ಕೇರದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದುವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ.

ಯಂತ್ರವು ಹೇಳುವುದು ಗಾಳಿಯ ಸಮಾಚಾರ. ಆ ಗಾಳಿಯನ್ನು ಉಸಿರಾಡಿದವನ ಸಮಾಚಾರ ಬೇರೆ. ಒಂದೇ ಬೀದಿಯಲ್ಲಿ, ಒಂದೇ ಗಳಿಗೆಯಲ್ಲಿ, ಜಗಲಿಯ ಮೇಲೆ ಕುಳಿತ ಮುದುಕನಿಗೂ ಮೂಟೆ ಹೊತ್ತು ನಡೆಯುವ ಹಮಾಲಿಗೂ ಆಟದ ಬಯಲಿನಲ್ಲಿ ಓಡುವ ಹುಡುಗನಿಗೂ ಯಂತ್ರದ ಅಂಕಿ ಒಂದೇ; ದೇಹಕ್ಕೆ ದಕ್ಕುವ ವಿಷದ ಪ್ರಮಾಣ ಒಂದೇ ಅಲ್ಲ. ಈ ವ್ಯತ್ಯಾಸವು ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ಅನಿಲಗಳ ಬೆನ್ನುಹತ್ತಿ ಮೂಗಿನ ಹೊಳ್ಳೆಯಿಂದ ರಕ್ತದವರೆಗೆ ಒಮ್ಮೆ ನಡೆದು ನೋಡಬೇಕು.

ಮ್ಯಾಂಚೆಸ್ಟರಿನ ನಿಯಮ

ಹತ್ತಿಗಿರಣಿಗಳು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು. ಗಿರಣಿಗಳ ಆ ವೈಭವ ಅಳಿದುಹೋದರೂ ಹೆಸರು ಉಳಿದಿದೆ. ನಮ್ಮ ವಿಷಯದ ಮೊದಲ ಸೂತ್ರವು ದೊರೆಯುವುದೂ ಮ್ಯಾಂಚೆಸ್ಟರಿನಲ್ಲಿಯೇ. ಇಂಗ್ಲೆಂಡಿನ ಮೂಲ ಮ್ಯಾಂಚೆಸ್ಟರಿನಲ್ಲಿ. ಆ ಊರಿನ ವಿಲಿಯಂ ಹೆನ್ರಿ ಎಂಬ ರಸಾಯನಶಾಸ್ತ್ರಜ್ಞನು ೧೮೦೩ರಲ್ಲಿ ಪ್ರಕಟಿಸಿದ ನಿಯಮದ ತಾತ್ಪರ್ಯವಿಷ್ಟು: ನೀರಿನ ಮೇಲೆ ಅನಿಲದ ಒತ್ತಡ ಹೆಚ್ಚಿದಷ್ಟೂ ನೀರಿನಲ್ಲಿ ಕರಗುವ ಅನಿಲದ ಪ್ರಮಾಣವೂ ಹೆಚ್ಚುತ್ತದೆ. ಆದರೆ ಒಂದೊಂದು ಅನಿಲಕ್ಕೂ ನೀರಿನೊಡನೆ ಒಂದೊಂದು ಬಗೆಯ ಸ್ನೇಹ. ಇಪ್ಪತ್ತು ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು ೭೦೦ ಲೀಟರು ಅಮೋನಿಯವನ್ನು ನುಂಗಿಕೊಳ್ಳಬಲ್ಲುದು. ಗಂಧಕದ ಡೈಆಕ್ಸೈಡಾದರೆ ೪೦ ಲೀಟರು. ಕಾರ್ಬನ್ ಮಾನಾಕ್ಸೈಡಾದರೋ ಬರಿಯ ೨೩ ಮಿಲಿಲೀಟರು.

ನಮ್ಮ ಉಸಿರಿನ ದಾರಿಯು ಮೊದಲಿನಿಂದ ಕೊನೆಯವರೆಗೆ ಒದ್ದೆಯಾದ ದಾರಿ. ಆದುದರಿಂದ ಯಾವ ಅನಿಲವು ಎಲ್ಲಿ ನಿಲ್ಲುವುದೆಂಬುದನ್ನು ಬಹುಮಟ್ಟಿಗೆ ಈ ಸ್ನೇಹವೇ ನಿರ್ಧರಿಸುತ್ತದೆ. ನೀರಿಗೆ ಒಲಿದ ಅನಿಲವು ಬಾಗಿಲಲ್ಲಿಯೇ ನಿಲ್ಲುತ್ತದೆ. ಒಲಿಯದುದು ಒಳಮನೆಯವರೆಗೆ ಹೋಗುತ್ತದೆ.

ಬಾಗಿಲ ಕಾವಲುಗಾರ

ಮೂಗನ್ನು ನಾವು ಮುಖದ ಅಲಂಕಾರವೆಂದೋ ವಾಸನೆಯ ಇಂದ್ರಿಯವೆಂದೋ ಎಣಿಸುತ್ತೇವೆ. ಅದರ ದೊಡ್ಡ ಕೆಲಸ ಬೇರೆ. ಮೂಗಿನೊಳಗೆ ಸುರುಳಿಯಾಗಿ ಚಾಚಿಕೊಂಡಿರುವ ತೆಳುವಾದ ಎಲುಬುಗಳುಂಟು. ಅವುಗಳ ಮೇಲೆ ರಕ್ತ ತುಂಬಿದ ಚರ್ಮ, ಚರ್ಮದ ಮೇಲೆ ಕೆಲವೇ ಮೈಕ್ರಾನುಗಳ ದಪ್ಪದ ಲೋಳೆಯ ಹೊದಿಕೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನು. ಈ ಇಕ್ಕಟ್ಟಾದ ಸಂದುಗಳಲ್ಲಿ ಗಾಳಿ ಸುತ್ತಿ ಹಾಯುವಾಗ ಬೆಚ್ಚಗಾಗುತ್ತದೆ, ತೇವಗೊಳ್ಳುತ್ತದೆ, ಜೊತೆಗೆ ತೊಳೆಯಲ್ಪಡುತ್ತದೆ. ಅಮೋನಿಯವೂ ಗಂಧಕದ ಡೈಆಕ್ಸೈಡೂ ಲೋಳೆಯಲ್ಲಿ ಇಲ್ಲಿಯೇ ಕರಗಿಹೋಗುತ್ತವೆ.

ಅಮೆರಿಕದ ಸ್ಪೈಝರ್ ಮತ್ತು ಫ್ರಾಂಕ್ ಎಂಬ ಇಬ್ಬರು ವೈದ್ಯರು ೧೯೬೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಮನುಷ್ಯರಲ್ಲಿಯೇ ಅಳೆದು ತೋರಿಸಿತು. ಸುಮ್ಮನೆ ಕುಳಿತು ಮೂಗಿನಿಂದ ಉಸಿರಾಡುವವರಲ್ಲಿ ಗಂಧಕದ ಡೈಆಕ್ಸೈಡಿನ ಬಹುಪಾಲು, ನೂರಕ್ಕೆ ತೊಂಬತ್ತೊಂಬತ್ತರಷ್ಟು, ಗಂಟಲನ್ನು ಮುಟ್ಟುವ ಮೊದಲೇ ಮಾಯವಾಗಿತ್ತು! ಇನ್ನೂ ಒಂದು ಸೋಜಿಗವೆಂದರೆ, ಉಸಿರನ್ನು ಹೊರಬಿಡುವಾಗ, ಲೋಳೆಯಲ್ಲಿ ಕರಗಿದ್ದ ಅನಿಲದ ಒಂದು ಭಾಗವು ಮತ್ತೆ ಗಾಳಿಗೆ ಸೇರಿ ಹೊರಬಂದಿತು. ಯೋಗಶಾಸ್ತ್ರವು ಪೂರಕವೆಂದೂ ರೇಚಕವೆಂದೂ ಕರೆಯುವ ಎರಡು ಚಲನೆಗಳಲ್ಲಿ ಮೂಗು ಒಮ್ಮೆ ಕೊಳ್ಳುತ್ತದೆ, ಒಮ್ಮೆ ಹಿಂದಿರುಗಿಸುತ್ತದೆ. ಕೊಂಡುದೆಲ್ಲವನ್ನೂ ಹಿಂದಿರುಗಿಸುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಉಳಿದುದು ಲೋಳೆಯ ನೀರಿನೊಡನೆ ಕೂಡಿ ಆಮ್ಲವಾಗುತ್ತದೆ. ಮೂಗುರಿ, ಸೀನು, ಕಣ್ಣೀರು ಅದರ ಫಲ.

ಇಂಥ ಕಾವಲುಗಾರನು ಇರುವಾಗ ಭಯವೇಕೆ? ಭಯವಿದೆ. ಕಾವಲು ಇರುವುದು ಮೂಗಿನಲ್ಲಿ, ಬಾಯಲ್ಲಿ ಅಲ್ಲ. ದುಡಿಮೆ ಹೆಚ್ಚಿದಾಗ ಮೂಗೊಂದರ ದಾರಿ ಸಾಲದೆ ನಾವು ಬಾಯನ್ನೂ ತೆರೆಯುತ್ತೇವೆ. ಓಟ, ಏರು, ಹೊರೆ, ಇವುಗಳಲ್ಲಿ ಉಸಿರಿನ ಪ್ರವಾಹವು ನಿಮಿಷಕ್ಕೆ ಮೂವತ್ತು, ನಲವತ್ತು ಲೀಟರುಗಳಿಗೆ ಏರಿದಾಗ ಗಾಳಿಯ ಬಹುಭಾಗ ಬಾಯಿಯ ಹೆದ್ದಾರಿಯಲ್ಲಿ ನುಗ್ಗುತ್ತದೆ. ಅಲ್ಲಿ ಸುರುಳಿಯೆಲುಬುಗಳಿಲ್ಲ, ಗಾಳಿಯ ವೇಗವೂ ಹೆಚ್ಚಾದುದರಿಂದ ಕರಗಲು ಸಮಯವೂ ಇಲ್ಲ. ಆಗ ಗಂಧಕದ ಡೈಆಕ್ಸೈಡು ಕವಲುನಾಳಗಳನ್ನು ತಲುಪುತ್ತದೆ. ಅಲ್ಲಿನ ನರಗಳು ಕೆರಳಿ ನಾಳಗಳ ಸುತ್ತಣ ಸ್ನಾಯುಗಳು ಬಿಗಿಯುತ್ತವೆ. ಉಬ್ಬಸದ ರೋಗಿಯಾದರೆ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅರ್ಧ ಪಾಲಿನಷ್ಟು ಈ ಅನಿಲವಿದ್ದರೂ, ದೇಹಶ್ರಮದ ವೇಳೆಯಲ್ಲಿ ಕೆಲವೇ ನಿಮಿಷಗಳೊಳಗೆ ಎದೆ ಬಿಗಿಯುವುದುಂಟು.

ಇಪ್ಪತ್ತಮೂರು ಕವಲುಗಳ ಮರ

ಗಂಟಲಿನಿಂದ ಕೆಳಗೆ ಶ್ವಾಸನಾಳವು ತಲೆಕೆಳಗಾದ ಮರದಂತೆ ಕವಲೊಡೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಈ ಕವಲು ಇಪ್ಪತ್ತಮೂರು ಸಲ ನಡೆಯುತ್ತದೆಂದು ಸ್ವಿಟ್ಸರ್ಲೆಂಡಿನ ಎವಾಲ್ಡ್ ವೈಬೆಲ್ ೧೯೬೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲೆಕ್ಕಹಾಕಿದನು. ಎರಡನ್ನು ಇಪ್ಪತ್ತಮೂರು ಸಲ ಗುಣಿಸಿ ನೋಡಿ. ಕೊನೆಯ ಕವಲುಗಳು ೮೩ ಲಕ್ಷವನ್ನು ಮೀರುತ್ತವೆ. ಮೊದಲ ಹದಿನಾರು ಕವಲುಗಳವರೆಗಿನದು ಬರಿಯ ಸಾಗಾಟದ ದಾರಿ. ಅಲ್ಲಿಂದ ಮುಂದೆ ಗೋಡೆಗಳಲ್ಲಿ ಗಾಳಿಗೂಡುಗಳು ಕಾಣಿಸಿಕೊಳ್ಳುತ್ತವೆ. ಗೂಡುಗಳು ಮೂವತ್ತು ಕೋಟಿಯೆಂದು ವೈಬೆಲನ ಎಣಿಕೆ. ೨೦೦೪ರಲ್ಲಿ ಹೊಸ ವಿಧಾನದಿಂದ ಎಣಿಸಿದವರು ಸರಾಸರಿ ನಲವತ್ತೆಂಟು ಕೋಟಿಯೆಂದರು. ಈ ಗೂಡುಗಳನ್ನೆಲ್ಲ ಬಿಚ್ಚಿ ಹಾಸಿದರೆ ಎಪ್ಪತ್ತು ಚದರ ಮೀಟರಿಗೂ ಹೆಚ್ಚಿನ ನೆಲ ಮುಚ್ಚೀತು. ಗಾಳಿಗೂ ರಕ್ತಕ್ಕೂ ನಡುವೆ ಅಲ್ಲಿ ಉಳಿಯುವುದು ಬಹಳ ಕಡೆ ಒಂದು ಮೈಕ್ರಾನಿಗಿಂತ ತೆಳುವಾದ ಪರದೆ.

ಈ ರಚನೆಯು ಆಮ್ಲಜನಕವನ್ನು ಬರಮಾಡಿಕೊಳ್ಳಲು ಆದುದು. ಆದರೆ ಆಮ್ಲಜನಕಕ್ಕೆ ತೆರೆದ ಬಾಗಿಲು ಮಿಕ್ಕ ಅನಿಲಗಳಿಗೂ ತೆರೆದೇ ಇರುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗದ ಓಝೋನ್ ಮತ್ತು ಸಾರಜನಕದ ಡೈಆಕ್ಸೈಡುಗಳು ಮೂಗನ್ನು ದಾಟಿ ಈ ಮರದ ಆಳಕ್ಕೆ ಇಳಿಯುತ್ತವೆ. ಹಳೆಯ ಪಿ. ಬಿ. ರಸ್ತೆಯಲ್ಲಿ ಹೊಗೆಯುಗುಳಿ ಸಾಗುವ ವಾಹನಗಳಿಂದ ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಬಯಲುಸೀಮೆಯ ಬಿಸಿಲು ಅವುಗಳ ಮೇಲೂ ಇಂಧನದ ಆವಿಗಳ ಮೇಲೂ ಬಿದ್ದು ಓಝೋನನ್ನು ಅಟ್ಟುತ್ತದೆ. ಆದುದರಿಂದಲೇ ಅದು ಯಾವ ಚಿಮಣಿಯಿಂದಲೂ ಹೊರಡದೆ ಮಧ್ಯಾಹ್ನದ ಬಿಸಿಲಿನಲ್ಲಿ ಏರುತ್ತದೆ.

ಓಝೋನಿನ ಸ್ವಭಾವ ವಿಲಕ್ಷಣವಾದುದು. ಅದು ಕರಗುವುದಕ್ಕಿಂತ ಹೆಚ್ಚಾಗಿ ಸುಡುತ್ತದೆ. ಉಸಿರುದಾರಿಯ ಲೋಳೆಯಲ್ಲಿ ಯೂರಿಕ್ ಆಮ್ಲ, ಸಿ ಜೀವಸತ್ವ ಮುಂತಾದ ರಕ್ಷಕ ವಸ್ತುಗಳಿರುತ್ತವೆ. ಓಝೋನ್ ಮೊದಲು ಇವುಗಳೊಡನೆ ಸೆಣಸಿ ವ್ಯಯವಾಗುತ್ತದೆ. ಲೋಳೆ ದಪ್ಪವಾಗಿರುವ ಮೇಲಿನ ನಾಳಗಳಲ್ಲಿ ಈ ರಕ್ಷಕರು ಅದನ್ನು ಅಂಗಾಂಶಕ್ಕೆ ಮುಟ್ಟಗೊಡುವುದಿಲ್ಲ. ಅಲ್ಲಿ ಉಳಿದು ಕೆಳಗಿಳಿದ ಓಝೋನ್, ಸಾಗಾಟದ ದಾರಿ ಮುಗಿದು ಗಾಳಿಗೂಡುಗಳು ಆರಂಭವಾಗುವ ಸಂಧಿಯಲ್ಲಿ, ಹೊದಿಕೆ ತೆಳ್ಳಗಾದ ಕಡೆ, ಅಂಗಾಂಶವನ್ನೇ ಮುಟ್ಟುತ್ತದೆ. ಹೆಚ್ಚಿನ ಪೆಟ್ಟು ಬೀಳುವುದು ಈ ಸಂಧಿಯಲ್ಲಿಯೇ ಎಂದು ಅಮೆರಿಕದ ಫ್ರೆಡರಿಕ್ ಮಿಲ್ಲರನೂ ಅವನ ಸಂಗಡಿಗರೂ ೧೯೮೫ರಲ್ಲಿ ಗಣಿತದಿಂದ ತೋರಿಸಿದರು. ದೇಹಶ್ರಮವು ಈ ಪೆಟ್ಟನ್ನು ಹೆಚ್ಚಿಸುತ್ತದೆಂಬುದೂ ಅದೇ ಗಣಿತದಿಂದ ಹೊರಬಿದ್ದಿತು. ಜೇಮ್ಸ್ ಅಲ್ಟ್‌ಮನ್ನನ ಪ್ರಯೋಗಶಾಲೆಯವರು ೧೯೯೦ರ ದಶಕದಲ್ಲಿ ಮನುಷ್ಯನ ಒಂದೊಂದು ಉಸಿರಿನೊಳಗೂ ಓಝೋನಿನ ಸಣ್ಣ ಗುಟುಕನ್ನು ಸೇರಿಸಿ, ಅದು ಎಷ್ಟು ಆಳಕ್ಕೆ ಹೋಗಿ ಕಾಣೆಯಾಯಿತೆಂದು ಅಳೆದರು. ಉಸಿರಿನ ವೇಗ ಹೆಚ್ಚಿದಂತೆಲ್ಲ ಗುಟುಕು ಆಳಕ್ಕಿಳಿದುದು ಸ್ಪಷ್ಟವಾಯಿತು.

ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದುತ್ತಾರೆ, ಓಡುತ್ತ ಸೇದುತ್ತಾರೆ, ಬಾಯಿಂದ ಸೇದುತ್ತಾರೆ. ಬೇಸಗೆಯ ಮಧ್ಯಾಹ್ನದಲ್ಲಿ ಆಟದ ಪಂದ್ಯಗಳನ್ನಿಡುವ ಉಪಾಧ್ಯಾಯ ಮಹನೀಯರು ಈ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು.

ವಾಸನೆಯಿಲ್ಲದ ಅತಿಥಿ

ಕಾರ್ಬನ್ ಮಾನಾಕ್ಸೈಡಿನ ಕಥೆಯೇ ಬೇರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗನ್ನು ಉರಿಸದು, ಲೋಳೆಯಲ್ಲಿ ಕರಗದು, ನಾಳಗಳಿಗೆ ಯಾವ ಕೇಡನ್ನೂ ಮಾಡದು. ಸಾಧುವಿನಂತೆ ಮೂವತ್ತು ಕೋಟಿ ಗೂಡುಗಳವರೆಗೆ ನಡೆದುಹೋಗಿ, ತೆಳುಪರದೆಯನ್ನು ದಾಟಿ, ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದುದು ಅದರ ಹಿಡಿತ. ಇಂಗ್ಲೆಂಡಿನಲ್ಲಿ ಜಾನ್ ಸ್ಕಾಟ್ ಹಾಲ್ಡೇನನು ಈ ಅನಿಲವನ್ನು ತಾನೇ ಸೇದಿ, ತನ್ನ ರಕ್ತವನ್ನು ತಾನೇ ಪರೀಕ್ಷಿಸಿ, ೧೮೯೫ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಇದರ ಸೇರ್ಪಡೆ ನಿಧಾನ. ಗಂಟೆಗಟ್ಟಲೆ ಉಸಿರಾಡಿದಷ್ಟೂ ರಕ್ತದಲ್ಲಿ ಕೂಡುತ್ತ ಹೋಗುತ್ತದೆ. ಬಿಡುಗಡೆಯೂ ನಿಧಾನ, ಶುದ್ಧ ಗಾಳಿಗೆ ಬಂದ ಮೇಲೆ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಗರ್ಭಿಣಿಯಾದವಳು ಇದನ್ನು ಸೇದಿದರೆ ಗರ್ಭದ ಶಿಶುವಿನ ರಕ್ತದಲ್ಲಿ ತಾಯಿಯದಕ್ಕಿಂತ ತುಸು ಹೆಚ್ಚಾಗಿಯೇ ಇದು ನಿಲ್ಲುತ್ತದೆ.

ಈ ಮಾತನ್ನು ಓದುವಾಗ ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಗಳ ನೆನಪಾಗದಿರದು. ಮಂಡಕ್ಕಿ-ಮೆಣಸಿನಕಾಯಿಯಿಲ್ಲದೆ ಈ ಊರಿನ ಸಂಜೆ ಸಾಗದು. ಕಾದ ಮರಳಿನಲ್ಲಿ ಅಕ್ಕಿ ಅರಳಬೇಕಾದರೆ ಬೆಂಕಿ ಜೋರಾಗಿರಬೇಕು; ಭಟ್ಟಿಗೆ ಹೊಟ್ಟು ಬೇಕು, ಕಟ್ಟಿಗೆ ಬೇಕು; ಹಳೆಯ ಟಯರುಗಳನ್ನೂ ಉರಿಸುತ್ತಾರೆಂಬ ದೂರು ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಪೂರ್ತಿ ಉರಿಯದ ಬೆಂಕಿ ಕಾರ್ಬನ್ ಮಾನಾಕ್ಸೈಡಿನ ತವರು. ಟಯರಿನ ರಬ್ಬರನ್ನು ಗಟ್ಟಿಗೊಳಿಸಲು ಗಂಧಕವನ್ನು ಸೇರಿಸಿರುತ್ತಾರಾದುದರಿಂದ ಅದನ್ನು ಉರಿಸಿದಲ್ಲಿ ಗಂಧಕದ ಡೈಆಕ್ಸೈಡೂ ಹುಟ್ಟುತ್ತದೆ. ಭಟ್ಟಿಯ ಮುಂದೆ ದುಡಿಯುವವರು ಎರಡನ್ನೂ ಒಟ್ಟಿಗೆ ಸೇದಬೇಕಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನಿಮಿಷಕ್ಕೆ ಏಳು ಲೀಟರಿನಂತೆ ಸುಮ್ಮನೆ ಕುಳಿತವನು ಎಂಟು ಗಂಟೆಗಳಲ್ಲಿ ೩,೩೬೦ ಲೀಟರು ಗಾಳಿಯನ್ನು ಸೇದುತ್ತಾನೆ. ನಿಮಿಷಕ್ಕೆ ಮೂವತ್ತು ಲೀಟರಿನಂತೆ ದುಡಿಯುವವನು ಅದೇ ಅವಧಿಯಲ್ಲಿ ಸೇದುವುದು ೧೪,೪೦೦ ಲೀಟರು. ಗಾಳಿ ಒಂದೇ ಆಗಿದ್ದರೂ ಒಳಹೋದುದು ನಾಲ್ಕು ಪಟ್ಟಿಗಿಂತ ಹೆಚ್ಚು. ಇದರ ಮೇಲೆ ಬಾಯುಸಿರಿನಿಂದ ಮೂಗಿನ ಕಾವಲು ತಪ್ಪಿದುದನ್ನೂ, ಬೆಂಕಿಯ ಬಾಯಲ್ಲಿ ಗಾಳಿ ಬಡಾವಣೆಯ ಗಾಳಿಯಂತಿರುವುದಿಲ್ಲವೆಂಬುದನ್ನೂ ಸೇರಿಸಿಕೊಂಡರೆ, ಮಾಪನ ಕೇಂದ್ರದ ಅಂಕಿಯು ಈ ಕೂಲಿಯವನ ಎದೆಯ ವಿಷಯದಲ್ಲಿ ಎಷ್ಟು ಸ್ವಲ್ಪವನ್ನು ಹೇಳುತ್ತದೆಂಬುದು ತಿಳಿದೀತು. ಕೇಂದ್ರದ ದೋಷವಲ್ಲ ಅದು. ಊರಿನ ಸಾಮಾನ್ಯ ಗಾಳಿಯನ್ನು ಅಳೆಯಲೆಂದೇ ಅದನ್ನು ಇಟ್ಟಿರುವುದು.

ಹೊಳೆಯ ಆಚೆ ದಂಡೆ

ಹರಿಹರದ ಎದುರಿಗೆ, ತುಂಗಭದ್ರೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ, ಮರದ ತಿರುಳೂ ಅದರಿಂದ ವಿಸ್ಕೋಸ್ ಎಳೆಯೂ ತಯಾರಾಗುತ್ತವೆ. ಹೊಳೆಯ ನೀರಿನ ಮಾಲಿನ್ಯವನ್ನು ಕುರಿತು ೧೯೮೦ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ನಡೆಸಿದ ಹೋರಾಟ ನಾಡಿಗೆ ತಿಳಿದುದೇ. ಗಾಳಿಯ ದೃಷ್ಟಿಯಿಂದ ಈ ಉದ್ಯಮದಲ್ಲಿ ಗಮನಿಸಬೇಕಾದುವು ಎರಡು. ಮರವನ್ನು ಗಂಧಕದ ಲವಣಗಳೊಡನೆ ಬೇಯಿಸುವಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡು ಮೊದಲನೆಯದು. ತಿರುಳನ್ನು ಎಳೆಯಾಗಿಸಲು ಬಳಸುವ ಕಾರ್ಬನ್ ಡೈಸಲ್ಫೈಡು ಎರಡನೆಯದು.

ಹೈಡ್ರೊಜನ್ ಸಲ್ಫೈಡು ಕೊಳೆತ ಮೊಟ್ಟೆಯ ನಾತದ ಅನಿಲ. ಅತ್ಯಲ್ಪ ಪ್ರಮಾಣದಲ್ಲಿಯೂ ಮೂಗು ಅದನ್ನು ಗುರುತಿಸುತ್ತದೆ. ಪ್ರಮಾಣ ಮಿತಿಮೀರಿದಾಗ ವಿಪರೀತವಾಗಿ ಘ್ರಾಣಶಕ್ತಿಯೇ ಮಂಕಾಗಿ ನಾತ ನಿಂತುಹೋದಂತೆ ತೋರುತ್ತದೆ. ಕಾರ್ಬನ್ ಡೈಸಲ್ಫೈಡು ಕೊಬ್ಬಿನಲ್ಲಿ ಕರಗುವ ಜಾತಿಯದು. ನೀರಿನ ಹೊದಿಕೆ ಅದನ್ನು ಮೇಲ್ದಾರಿಯಲ್ಲಿ ತಡೆಯಲಾರದು. ಗಾಳಿಗೂಡುಗಳಿಂದ ರಕ್ತಕ್ಕೆ, ರಕ್ತದಿಂದ ನರಗಳಿಗೂ ಕೊಬ್ಬಿಗೂ ಅದು ಹಾಯುತ್ತದೆ. ಬ್ರಿಟನ್ನಿನ ವಿಸ್ಕೋಸ್ ಕೆಲಸಗಾರರಲ್ಲಿ ಹೃದ್ರೋಗದ ಸಾವುಗಳು ಹೆಚ್ಚಾಗಿರುವುದನ್ನು ೧೯೬೮ರಲ್ಲಿಯೇ ವೈದ್ಯರು ಪ್ರಕಟಿಸಿದರು. ಇದರಿಂದ ತಿಳಿಯುವುದೇನೆಂದರೆ, ನಾತವು ಎಚ್ಚರಿಕೆಯೇ ಹೊರತು ಅಳತೆಯಲ್ಲ. ನಾತವಿದ್ದಲ್ಲೆಲ್ಲ ಕೇಡಿದೆಯೆಂದೂ ಹೇಳಲಾಗದು, ನಾತವಿಲ್ಲದಲ್ಲಿ ಕ್ಷೇಮವೆಂದೂ ಹೇಳಲಾಗದು.

ಧೂಳಿನ ಹೆಗಲು

ಅನಿಲಕ್ಕೂ ಧೂಳಿಗೂ ಸಂಬಂಧವಿಲ್ಲವೆಂದು ಭಾವಿಸುವವರಿಗೆ ಲಂಡನ್ನಿನ ಒಂದು ವಾರ ಸಾಕು. ೧೯೫೨ರ ಡಿಸೆಂಬರ್ ೫ರಿಂದ ೯ರವರೆಗೆ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಬೆರೆತು ಆ ಊರನ್ನು ಕವಿಯಿತು. ನಾಲ್ಕು ಸಾವಿರ ಮಂದಿ ಸತ್ತರೆಂದು ಅಂದಿನ ಎಣಿಕೆ, ಹನ್ನೆರಡು ಸಾವಿರವಿರಬಹುದೆಂದು ಆಮೇಲಿನ ಅಂದಾಜು. ಗಂಧಕದ ಡೈಆಕ್ಸೈಡನ್ನು ಮೂಗು ತಡೆಯುವುದು ನಿಜವಾದರೆ ಇಷ್ಟು ಸಾವು ಹೇಗಾಯಿತು? ಅನಿಲವು ಒಂಟಿಯಾಗಿ ಬಂದಿರಲಿಲ್ಲವೆಂಬುದೇ ಉತ್ತರದ ಒಂದು ಭಾಗ. ಮಸಿಯ ಕಣಗಳಿಗೂ ಮಂಜಿನ ಹನಿಗಳಿಗೂ ಅಂಟಿಕೊಂಡು, ಅವುಗಳಲ್ಲಿ ಆಮ್ಲವಾಗಿ, ಮೂಗು ಹಿಡಿಯಲಾರದಷ್ಟು ಸಣ್ಣ ಕಣಗಳ ಹೆಗಲೇರಿ ಅದು ಶ್ವಾಸಕೋಶದ ಆಳಕ್ಕೆ ಹೋಗಿತ್ತು. ದಾವಣಗೆರೆಯು ಪಟ್ಟಿಗೆ ಸೇರಿದುದು ಮುಖ್ಯವಾಗಿ ಧೂಳಿನ ಕಾರಣದಿಂದ. ಧೂಳನ್ನು ತಗ್ಗಿಸುವ ಪ್ರಯತ್ನ ನಡೆದರೆ ಅನಿಲಗಳಿಗೆ ಹೊರೆಯಾಳುಗಳೂ ತಗ್ಗುತ್ತಾರೆ; ಆದರೆ ರಸ್ತೆಗೆ ನೀರೆರಚಿದುದರಿಂದ ಭಟ್ಟಿಯ ಕಾರ್ಬನ್ ಮಾನಾಕ್ಸೈಡಾಗಲಿ ಮಧ್ಯಾಹ್ನದ ಓಝೋನಾಗಲಿ ತಗ್ಗುವುದಿಲ್ಲ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದೆ ಎಂದು ಕೇಳುವವರುಂಟು. ಒದ್ದೆಬಟ್ಟೆಯು ಅಮೋನಿಯದಂಥ, ಬೇಗ ಕರಗುವ ಅನಿಲವನ್ನು ಸ್ವಲ್ಪಮಟ್ಟಿಗೆ ಹಿಡಿದೀತು. ಧೂಳಿಗೆಂದು ಮಾಡಿದ ಒಳ್ಳೆಯ ಮಾಸ್ಕು ಧೂಳನ್ನು ಹಿಡಿಯುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಇವೆರಡೂ ಇದ್ದರೂ ಇಲ್ಲದಂತೆಯೇ. ಅದಕ್ಕೆ ಇರುವ ಮದ್ದು ಒಳ್ಳೆಯ ಒಲೆ, ಎತ್ತರದ ಚಿಮಣಿ, ಗಾಳಿಯಾಡುವ ಕಟ್ಟಡ ಮತ್ತು ಕೆಲಸದ ನಡುವೆ ಬಿಡುವು.

ಇದಿಷ್ಟರಿಂದ ನಮ್ಮ ಕರ್ತವ್ಯವೂ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ. ಬಡಾವಣೆಯ ಒಂದು ಕೇಂದ್ರದಿಂದ ಊರನ್ನೆಲ್ಲ ಅಳೆದೆವೆಂದು ತೃಪ್ತಿಪಡದೆ, ಭಟ್ಟಿಗಳ ಬಳಿಯಲ್ಲಿಯೂ ಶಾಲೆಯ ಬಯಲುಗಳಲ್ಲಿಯೂ ಹೊಳೆಯ ಎರಡು ದಂಡೆಗಳಲ್ಲಿಯೂ ಅಳೆಯಬೇಕು. ಅಳೆದುದನ್ನು ಕನ್ನಡದಲ್ಲಿ, ಜನಕ್ಕೆ ತಿಳಿಯುವ ಮಾತಿನಲ್ಲಿ, ಬೀದಿಯ ಹಲಗೆಯ ಮೇಲೆ ಬರೆಯಬೇಕು. ಅಂಕಿಯ ಮುಂದೆ ಅದನ್ನು ಸೇದುವವನು ಯಾರು, ಕುಳಿತು ಸೇದುವನೋ ದುಡಿಯುತ್ತ ಸೇದುವನೋ ಎಂಬುದನ್ನೂ ಕೇಳಬೇಕು. ನಮ್ಮ ಕಾಲೇಜುಗಳ ವಿಜ್ಞಾನ ವಿಭಾಗಗಳವರು, ವೈದ್ಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಈ ಪ್ರಶ್ನೆಗೆ ಉತ್ತರ ದೊರಕಿಸುವುದು ಅಸಾಧ್ಯವಲ್ಲ. ಮೂಗು ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿದೆ. ಅದರಿಂದಾಗದುದನ್ನು ಮಾಡಬೇಕಾದವರು ನಾವು.